ಮಾರೋವಿಂಡ್: ಮೊದಲ ಎರಡು ತಾಸು ದಾಟೋದು ಹೆಂಗ?

"ಎದುರಿಗೇ ನಿಂತದ, ಹೊಡದರೂ ತಾಗವಲ್ದು." ಮಾರೋವಿಂಡ್ ಹಚ್ಚಿದ ಹೊಸಬರು ಹೆಚ್ಚಿನವರು ಇದನ್ನೇ ಹೇಳಿ ಆಟ ಮುಚ್ಚಿಡುತ್ತಾರೆ. ಬೆಥೆಸ್ಡಾ ಕಂಪನಿಯ 'ದಿ ಎಲ್ಡರ್ ಸ್ಕ್ರೋಲ್ಸ್' ಸರಣಿಯ ಈ ಮೂರನೇ ಆಟ (ಸ್ವಂತ ಪಾತ್ರ ಕಟ್ಟಿಕೊಂಡು ದೊಡ್ಡದೊಂದು ಲೋಕ ಸುತ್ತುವ ಕಂಪ್ಯೂಟರ್ ಆಟ) ವಿಂಡೋಸಿಗೆ ಬಂದದ್ದು 2002ರ ಮೇ ತಿಂಗಳಲ್ಲಿ. 2011ರ ಸ್ಕೈರಿಮ್ ಆಡಿ, ಅದರ ರುಚಿ ಹತ್ತಿ, ಹಿಂದಿನದೂ ನೋಡೋಣ ಎಂದು ಬಂದವರಿಗೆ ಇಲ್ಲಿ ಮೊದಲ ಏಡಿಯೇ ಗೋಡೆಯಾಗಿ ನಿಲ್ಲುತ್ತದೆ. ಕತ್ತಿ ಏಡಿಯ ಮೈಯೊಳಗೆ ಹಾಯ್ದು ಹೋದದ್ದು ಕಣ್ಣಿಗೆ ಕಾಣುತ್ತದೆ, ಪೆಟ್ಟು ಮಾತ್ರ ಬಿದ್ದಿರುವುದಿಲ್ಲ. ಆಟ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಲೆಕ್ಕ ಹೇಳಿಕೊಟ್ಟಿಲ್ಲ ಅಷ್ಟೇ. ಆ ತಪ್ಪು ಆಟದ್ದೇ.

ಲೆಕ್ಕ ಹೀಗಿದೆ. ನಿಮ್ಮ ಕೈಯಲ್ಲಿರುವ ಆಯುಧದ ಸ್ಕಿಲ್ (ಅದರಲ್ಲಿ ಪಾತ್ರ ಎಷ್ಟು ಪಳಗಿದೆ ಎಂಬ ಅಂಕ), ಅದಕ್ಕೆ ಅಜಿಲಿಟಿಯ (ಚುರುಕುತನ) ಐದರಲ್ಲೊಂದು ಭಾಗ, ಲಕ್‌ನ (ಅದೃಷ್ಟ) ಹತ್ತರಲ್ಲೊಂದು ಭಾಗ ಕೂಡಿಸಬೇಕು. ಬಂದದ್ದನ್ನು ಫಟೀಗ್, ಅಂದರೆ ಪಾತ್ರಕ್ಕೆ ಉಳಿದ ದಮ್ಮು ತೋರಿಸುವ ಹಸಿರು ಪಟ್ಟಿ, ತುಂಬಿದ್ದರೆ 1.25ರಿಂದ, ಪೂರ್ತಿ ಖಾಲಿಯಿದ್ದರೆ 0.75ರಿಂದ ಗುಣಿಸಬೇಕು. ಎದುರಿನವನ ತಪ್ಪಿಸಿಕೊಳ್ಳುವ ಶಕ್ತಿಯನ್ನೂ ಅವನ ಅಜಿಲಿಟಿ, ಲಕ್, ಫಟೀಗ್‌ನಿಂದ ಹೀಗೇ ತೆಗೆದು ಇದರಲ್ಲಿ ಕಳೆದರೆ ಉಳಿದದ್ದು ನೂರಕ್ಕೆ ಎಷ್ಟು ಪೆಟ್ಟು ತಾಗುತ್ತವೆ ಎಂಬ ಸಂಖ್ಯೆ. ಈಗ ಹೊಸಬರು ಮಾಡುವುದನ್ನು ನೋಡಿ. ಶುರುವಿನ ಕಚೇರಿಯ ಮೇಜಿನ ಮೇಲಿದ್ದ ಕಬ್ಬಿಣದ ಬಾಕು ಎತ್ತಿಕೊಳ್ಳುತ್ತಾರೆ. ಅವರ ಪಾತ್ರಕ್ಕೆ ಶಾರ್ಟ್ ಬ್ಲೇಡ್ (ಗಿಡ್ಡ ಅಲಗಿನ ಆಯುಧ) ಸ್ಕಿಲ್ ಬರೀ 5. ಅಜಿಲಿಟಿ, ಲಕ್ ಎರಡೂ 40 ಎಂದರೂ ಕೂಡಿ ಬರುವುದು 17. ಹಸಿರು ಪಟ್ಟಿ ತುಂಬಿದ್ದರೆ 21. ಎದುರಿನವನದೂ 40-40 ಇದ್ದರೆ ಅವನ ಪಾಲಿನ 15 ಕಳೆಯಿರಿ: ನೂರಕ್ಕೆ ಆರು ಪೆಟ್ಟು. ಅದೂ ನಿಂತು ಹೊಡೆದರೆ. ಓಡೋಡಿ ಬಂದು ಹಸಿರು ಪಟ್ಟಿ ಖಾಲಿ ಮಾಡಿಕೊಂಡಿದ್ದರೆ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಸಂಜೆತನಕ ಬೀಸಿದರೂ ತಾಗುವುದಿಲ್ಲ.

ಅದೇ ರೆಡ್‌ಗಾರ್ಡ್ ಜಾತಿ ಆರಿಸಿ, ಕಾಂಬ್ಯಾಟ್ ವಿಶೇಷತೆ ಇಟ್ಟುಕೊಂಡು, ಲಾಂಗ್ ಬ್ಲೇಡನ್ನು (ಉದ್ದ ಕತ್ತಿ) ಮೇಜರ್, ಅಂದರೆ ಮುಖ್ಯ, ಸ್ಕಿಲ್ ಮಾಡಿದರೆ ಆಟ ಶುರುವಾಗುವಾಗಲೇ ಸ್ಕಿಲ್ 50 ಇರುತ್ತದೆ (ಮೇಜರಿಗೆ 30, ಜಾತಿಗೆ 15, ವಿಶೇಷತೆಗೆ 5). ಅದೇ ಎದುರಾಳಿಯ ಮೇಲೆ ನೂರಕ್ಕೆ ಅರವತ್ತೆರಡು ಪೆಟ್ಟು ಕೂಡುತ್ತವೆ. ಫಟೀಗ್ ಖಾಲಿಯಾದರೆ ಅದೂ ಮೂವತ್ತೊಂದಕ್ಕೆ ಬೀಳುತ್ತದೆ. ಹಸಿರು ಪಟ್ಟಿಗೆ ಇಷ್ಟು ಬೆಲೆ ಇದೆ ಎಂದು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಆದ್ದರಿಂದ ಪಾತ್ರ ಮಾಡುವಾಗ ಪ್ರಶ್ನೋತ್ತರದ ದಾರಿ ಬಿಟ್ಟು ಕ್ಲಾಸನ್ನು (ಪಾತ್ರದ ಕಸುಬು) ಸ್ವಂತ ಕೈಯಿಂದ ಕಟ್ಟಿಕೊಳ್ಳಿ. ಆಯುಧ ಒಂದೇ ಇರಲಿ, ಅದು ಮೇಜರ್ ಸ್ಕಿಲ್ಲಿನಲ್ಲೇ ಇರಲಿ. ಪಾತ್ರದ ಜನ್ಮನಕ್ಷತ್ರಗಳಲ್ಲಿ 'ಲೇಡಿ' ಒಳ್ಳೆಯದು, ಎಂಡ್ಯೂರೆನ್ಸಿಗೆ (ತಾಳಿಕೆ) 25, ಪರ್ಸನಾಲಿಟಿಗೆ 25 ಕೂಡುತ್ತದೆ. 'ಅಟ್ರೊನಾಕ್' ಮೊದಲ ಸಲಕ್ಕೆ ಬೇಡ. ಅದರಲ್ಲಿ ಮ್ಯಾಜಿಕಾ (ಮಂತ್ರ ಹಾಕುವ ಶಕ್ತಿ) ಬಹಳ ಸಿಗುತ್ತದೆ, ಖರ್ಚಾದ ಮೇಲೆ ಮಲಗಿದರೂ ವಾಪಸು ಬರುವುದಿಲ್ಲ. ಆಪ್ಷನ್ಸಿಗೆ ಹೋಗಿ 'ಆಲ್‌ವೇಸ್ ಯೂಸ್ ಬೆಸ್ಟ್ ಅಟ್ಯಾಕ್' ಹಚ್ಚಿ, ಇಲ್ಲವಾದರೆ ನೀವು ಯಾವ ಕಡೆ ಕಾಲಿಡುತ್ತೀರಿ ಎಂಬುದರ ಮೇಲೆ ಏಟಿನ ಬಗೆ ಬದಲಾಗುತ್ತದೆ. ಮೌಸ್ ಗುಂಡಿ ಟಕಟಕ ಒತ್ತಬೇಡಿ, ಹಿಡಿದು ಬಿಡಿ. ಹಿಡಿದಷ್ಟು ಪೆಟ್ಟು ಜೋರು. ಜಗಳದ ಹತ್ತಿರ ಹೋಗುವಾಗ ಕ್ಯಾಪ್ಸ್ ಲಾಕ್ ಒತ್ತಿ ನಡಿಗೆಗೆ ಇಳಿಯಿರಿ.

ಸೇಡಾ ನೀನ್ ಊರಿನ ಕಚೇರಿ ದಾಟಿ ಅಂಗಳಕ್ಕೆ ಬಂದರೆ ಪೀಪಾಯಿಯಲ್ಲಿ ಒಂದು ಉಂಗುರ ಇದೆ. ಹೊರಗೆ ಫಾರ್ಗಾತ್ ಎಂಬವ ಅದನ್ನೇ ಹುಡುಕುತ್ತಿರುತ್ತಾನೆ. ಕೊಟ್ಟರೆ ಅವನೂ, ಅಂಗಡಿಯ ಅರಿಲ್ಲೆಯೂ ಖುಷಿಯಾಗುತ್ತಾರೆ, ಅಂಗಡಿಯಲ್ಲಿ ದರ ಸ್ವಲ್ಪ ಇಳಿಯುತ್ತದೆ. ಕೈಯಲ್ಲಿರುವುದು 87 ಹೊನ್ನು, ಅದರಲ್ಲಿ ನಿಮ್ಮ ಸ್ಕಿಲ್ಲಿಗೆ ಹೊಂದುವ ಒಂದು ಆಯುಧ ಕೊಳ್ಳಿ. ಇಷ್ಟಾದರೆ ಏಡಿಯ ಗೋಡೆ ಬಿದ್ದಂತೆಯೇ.

ಲೆವೆಲ್ ಏರಿಸುವ ಪದ್ಧತಿಗೆ ಬೈಯುವವರೂ ಇದ್ದಾರೆ, ಅವರದು ಅರ್ಧ ಸರಿ. ಮೇಜರ್, ಮೈನರ್ ಸ್ಕಿಲ್ಲುಗಳು ಒಟ್ಟು ಹತ್ತು ಸಲ ಏರಿದ ಮೇಲೆ ಮಲಗಿ ಎದ್ದರೆ ಲೆವೆಲ್. ಆಗ ಅಜಿಲಿಟಿ, ಎಂಡ್ಯೂರೆನ್ಸಿನಂಥ ಮೂರು ಗುಣಗಳನ್ನು ಹೆಚ್ಚಿಸಬಹುದು. ಒಂದು ಗುಣಕ್ಕೆ ಸೇರಿದ ಸ್ಕಿಲ್ಲುಗಳು ಆ ಲೆವೆಲ್ಲಿನಲ್ಲಿ ಒಂದರಿಂದ ನಾಲ್ಕು ಸಲ ಏರಿದ್ದರೆ ಎರಡು ಅಂಕ, ಐದರಿಂದ ಏಳಾದರೆ ಮೂರು, ಎಂಟು-ಒಂಬತ್ತಾದರೆ ನಾಲ್ಕು, ಹತ್ತು ಇಲ್ಲವೇ ಹೆಚ್ಚಾದರೆ ಐದು. ಈ ಐದರ ಆಸೆಗೆ ಬಿದ್ದವರು ನೋಟುಬುಕ್ಕು ಹಿಡಿದು ಆಡುತ್ತಾರೆ, ಆಟ ಗುಮಾಸ್ತಿಕೆಯಾಗುತ್ತದೆ. ಬೇಕಿಲ್ಲ. ಎಂಡ್ಯೂರೆನ್ಸ್ ಒಂದನ್ನು ಮಾತ್ರ ಮೊದಲ ಲೆವೆಲ್ಲುಗಳಲ್ಲೇ ಏರಿಸಿ. ಪ್ರತಿ ಲೆವೆಲ್ಲಿಗೆ ಕೂಡುವ ಹೆಲ್ತ್ ಎಂದರೆ ಆ ಹೊತ್ತಿಗಿರುವ ಎಂಡ್ಯೂರೆನ್ಸಿನ ಹತ್ತರಲ್ಲೊಂದು ಭಾಗ, ಮುಂದೆ ಏರಿಸಿದರೆ ಹಿಂದಿನ ಬಾಕಿ ಸಿಗುವುದಿಲ್ಲ.

ಇಷ್ಟು ದಾಟಿದವರು ಆಟಕ್ಕೆ ಯಾಕೆ ಮನಸೋಲುತ್ತಾರೆ ಎಂದರೆ, ದಾರಿ. ನಕ್ಷೆಯ ಮೇಲೆ ಬಾಣ ಇಲ್ಲ, ತಲೆಯ ಮೇಲೆ ತೇಲುವ ಗುರುತು ಇಲ್ಲ. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಯಾರದೋ ಹೊಲ ಕೇಳಿದರೆ "ಹಳ್ಳ ದಾಟ್ರಿ, ಬನ್ನಿಗಿಡ ಬರ್ತದ, ಅಲ್ಲಿಂದ ಎಡಕ್ಕ ಹೊಳ್ರಿ" ಅನ್ನುತ್ತಾರಲ್ಲ, ಈ ಆಟದ ಮಂದಿ ದಾರಿ ಹೇಳುವುದೂ ಅದೇ ಪದ್ಧತಿ. ಕೋಟೆ ದಾಟು, ಹಳೆಯ ಸೇತುವೆ ಹಿಡಿ, ಬಲಕ್ಕೆ ಏರು. ಅದು ಜರ್ನಲ್ಲಿನಲ್ಲಿ (ಆಟದೊಳಗಿನ ದಿನಚರಿ) ಅಕ್ಷರವಾಗಿ ಉಳಿಯುತ್ತದೆ, ನೀವು ಓದಿಕೊಂಡು ಹೋಗಬೇಕು. ಹಾಗೆ ಹೋಗುವಾಗ ಕಣ್ಣು ನೆಲದ ಮೇಲೆ, ಬೆಟ್ಟದ ಅಂಚಿನ ಮೇಲೆ, ಕೈಮರದ ಮೇಲೆ ಇರುತ್ತದೆ. ಹತ್ತು ತಾಸು ಆಡಿದವರಿಗೆ ಬಾಲ್ಮೋರಾ ಎಂಬ ಊರಿನ ಸುತ್ತಲಿನ ದಾರಿ ನಕ್ಷೆ ನೋಡದೆ ಬರುತ್ತದೆ. ಬಾಣ ಇರುವ ಆಟಗಳಲ್ಲಿ ನೂರು ತಾಸಾದರೂ ಹೀಗಾಗುವುದು ಅಪರೂಪ.

ಇದೇ ವಿಷಯಕ್ಕೆ ಆಟ ಬಿಟ್ಟವರೂ ಇದ್ದಾರೆ, ಅವರ ದೂರಿಗೂ ಆಧಾರ ಇದೆ. ಕೆಲವು ಕಡೆ ಹೇಳಿದ ದಿಕ್ಕೇ ತಪ್ಪು. ಇನ್ನು ಡ್ವೆಮರ್ ಪಜಲ್ ಬಾಕ್ಸ್ ಎಂಬ ಪೆಟ್ಟಿಗೆ ಹುಡುಕಿ ತರುವ ಕೆಲಸ ಬಹಳ ಜನರ ತಾಳ್ಮೆ ತಿಂದಿದೆ. ಬಾಲ್ಮೋರಾದಿಂದ ಮೂನ್‌ಮಾತ್ ಕೋಟೆ ದಾಟಿ, ಫೊಯಾಡಾ ಕಣಿವೆಯ ಮೇಲಿನ ಹಳೆಯ ಸೇತುವೆಯಿಂದ ಆಚೆ ಏರಿದರೆ ಆರ್ಕಂಗ್‌ಥಾಂಡ್ ಪಾಳು ಸಿಗುತ್ತದೆ. ಬಾಗಿಲು ತಳ್ಳಿದರೆ ತೆರೆಯುವುದಿಲ್ಲ, ಹತ್ತಿರದ ಕೊಳವೆಯ ಮೇಲಿನ ತಿರುಗಣೆ ತಿರುವಬೇಕು. ಒಳಗೆ ಹೋದವರು ದೊಡ್ಡ ಸಾಮಾನು ಹುಡುಕುತ್ತಾರೆ. ಅದು ಅಂಗೈಯಗಲದ ಒಂದು ಚೌಕ, ಕತ್ತಲೆಯ ಕೋಣೆಯ ಕಪಾಟಿನ ಮೇಲೆ, ಅದೇ ಬಣ್ಣದ ಬೇರೆ ಸಾಮಾನಿನ ನಡುವೆ ಇರುತ್ತದೆ. 'ಸೆಲ್ಸ್ ಆಫ್ ಹಾಲೋ ಹ್ಯಾಂಡ್' ಎಂಬ ಭಾಗಕ್ಕೆ ಹೋಗಿ ಕಪಾಟುಗಳ ಮೇಲೆ ಕಣ್ಣಾಡಿಸಿ.

ನಡಿಗೆ ನಿಧಾನ ಎಂಬ ದೂರು ಪೂರ್ತಿ ನಿಜ. ಶುರುವಿನಲ್ಲಿ ಪಾತ್ರ ತೆವಳುತ್ತದೆ. ಸಿಲ್ಟ್ ಸ್ಟ್ರೈಡರ್ (ಮನೆಯೆತ್ತರದ ಹುಳ, ಅದರ ಬೆನ್ನಿನ ಚಿಪ್ಪು ಕೊರೆದು ಒಳಗಿನ ನರ ಒತ್ತಿ ನಡೆಸುತ್ತಾರೆ), ದೋಣಿ, ಮೇಜಸ್ ಗಿಲ್ಡ್ ಎಂಬ ಮಂತ್ರವಾದಿಗಳ ಸಂಘದ ಗೈಡುಗಳು, ಇವನ್ನು ಜೋಡಿಸಿ ಪ್ರಯಾಣ ಮಾಡಬೇಕು. ಗಿಲ್ಡ್ ಗೈಡುಗಳು ಬಾಲ್ಮೋರಾ, ಆಲ್ಡ್‌ರೂನ್, ಕಾಲ್ಡೇರಾ, ಸಾದ್ರಿತ್ ಮೋರಾ, ವಿವೆಕ್ ಈ ಐದೂ ಕಡೆ ಕ್ಷಣದಲ್ಲಿ ಕಳಿಸುತ್ತಾರೆ. ಮಾರ್ಕ್, ರಿಕಾಲ್ ಮಂತ್ರ ಎರಡೂ ಕಲಿತರೆ ಗುರುತು ಮಾಡಿದ ಜಾಗಕ್ಕೆ ವಾಪಸು ಬರಬಹುದು. ಈ ಜೋಡಣೆ ಒಮ್ಮೆ ಕೈಗೆ ಬಂದರೆ ನಡೆಯುವ ಹೊತ್ತು ಅರ್ಧ ಕಡಿಮೆ. ಕ್ಲಿಫ್ ರೇಸರ್ ಎಂಬ ಹಾರುವ ಪೀಡೆಗೆ ಮಾತ್ರ ಉಪಾಯ ಇಲ್ಲ. ನಡೆದಲ್ಲೆಲ್ಲ ಚೀರುತ್ತ ಮೇಲೆರಗುತ್ತವೆ, ಅವು ಸುತ್ತಲಿರುವ ತನಕ ಮಲಗಲೂ ಆಟ ಬಿಡುವುದಿಲ್ಲ. ಇವನ್ನು ಹೊಗಳುವ ಆಟಗಾರ ಸಿಗುವುದು ಕಷ್ಟ.

ಕಥೆ ಗಟ್ಟಿ. ವಾರ್ಡೆನ್‌ಫೆಲ್ ದ್ವೀಪ, ನಡುವೆ ರೆಡ್ ಮೌಂಟನ್ ಜ್ವಾಲಾಮುಖಿ, ಸುತ್ತ ಬೂದಿಯ ನೆಲ, ಅಣಬೆಯ ಕಾಡು. ಹೊರಗಿನ ಸಾಮ್ರಾಜ್ಯ ಬಂದು ಕೂತಿದೆ, ಊರವರಿಗೆ ತಮ್ಮದೇ ಜೀವಂತ ದೇವರುಗಳಿದ್ದಾರೆ, ಬಯಲಿನ ಬುಡಕಟ್ಟಿನವರಿಗೆ ಆ ದೇವರುಗಳ ಮೇಲೆ ನಂಬಿಕೆ ಇಲ್ಲ. ಆ ಬೆಟ್ಟದ ಬುಡದಲ್ಲಿ ಹಿಂದೆ ಏನಾಯಿತು ಎಂದು ಕೇಳಿದರೆ ಗುಡಿಯವರು ಒಂದು ಹೇಳುತ್ತಾರೆ, ಬುಡಕಟ್ಟಿನವರು ಇನ್ನೊಂದು, ಪುಸ್ತಕಗಳು ಮತ್ತೊಂದು. ಯಾವುದು ನಿಜ ಎಂದು ಆಟ ತೀರ್ಪು ಕೊಡುವುದಿಲ್ಲ. ಭವಿಷ್ಯವಾಣಿಯ ವೀರ ನೀವೇ ಎಂಬುದು ಕೂಡ ರಾಜಕೀಯದ ಆಟವೋ ದೈವವೋ ಎಂಬ ಗುಮಾನಿ ಕೊನೆತನಕ ಇರುತ್ತದೆ. ಹ್ಲಾಲು, ರೆಡೊರಾನ್, ಟೆಲ್ವಾನಿ ಮೂರು ಮನೆತನಗಳಲ್ಲಿ ಒಂದಕ್ಕೆ ಮಾತ್ರ ಸೇರಬಹುದು. ಟೆಲ್ವಾನಿ ಮಂತ್ರವಾದಿಗಳ ಗೋಪುರಗಳಲ್ಲಿ ಮೇಲೆ ಹೋಗಲು ಮೆಟ್ಟಿಲೇ ಇಲ್ಲ, ಗಾಳಿಯಲ್ಲಿ ತೇಲುವ ಮಂತ್ರ ಬಾರದವನು ಮಾತಾಡಿಸಲು ಯೋಗ್ಯನಲ್ಲ ಎಂಬ ಸೊಕ್ಕು ಕಟ್ಟಡದಲ್ಲೇ ಇದೆ. ಆ ತೇಲುವ ಮಂತ್ರವನ್ನು ಕಂಪನಿ ಸರಣಿಯ ಮುಂದಿನ ಆಟಗಳಾದ ಓಬ್ಲಿವಿಯನ್, ಸ್ಕೈರಿಮ್ ಎರಡರಿಂದಲೂ ತೆಗೆದುಹಾಕಿತು.

ಸ್ವಾತಂತ್ರ್ಯವೂ ನಿಜವಾದದ್ದು. ಮುಖ್ಯ ಕಥೆಗೆ ಬೇಕಾದವರನ್ನೂ ಕೊಲ್ಲಬಹುದು, ವಿಧಿಯ ಎಳೆ ಹರಿಯಿತು, ಹಳೆಯ ಸೇವ್ ಹಚ್ಚು ಇಲ್ಲವೇ ನೀನೇ ಕೆಡಿಸಿದ ಈ ಲೋಕದಲ್ಲಿ ಇರು ಎಂಬ ಅರ್ಥದ ಸಂದೇಶ ಬರುತ್ತದೆ. ಸೇಡಾ ನೀನ್ ಬಿಟ್ಟು ಸ್ವಲ್ಪ ನಡೆದರೆ ಟಾರ್ಹಿಯೆಲ್ ಎಂಬ ಮಂತ್ರವಾದಿ ಚೀರುತ್ತ ಆಕಾಶದಿಂದ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಮೂರು ಮಂತ್ರದ ಸುರುಳಿ ಸಿಗುತ್ತವೆ. ಒಂದನ್ನು ಓದಿದರೆ ಏಳು ಸೆಕೆಂಡು ನಿಮ್ಮ ಅಕ್ರೊಬ್ಯಾಟಿಕ್ಸ್ (ಜಿಗಿಯುವ ಸ್ಕಿಲ್) 1000 ಹೆಚ್ಚುತ್ತದೆ, ಜಿಗಿದರೆ ಅರ್ಧ ದ್ವೀಪ ದಾಟಬಹುದು. ಇಳಿಯುವ ಮುನ್ನ ಇನ್ನೊಂದು ಸುರುಳಿ ಓದಿರಬೇಕು, ಇಲ್ಲವಾದರೆ ಟಾರ್ಹಿಯೆಲನ ಗತಿಯೇ.

ಇನ್ನು ನಿಜವಾದ ದೋಷಗಳು. ಮೊದಲಿಗೆ ಅಷ್ಟು ಕಾಡುವ ಆಟ ಲೆವೆಲ್ 20ರ ಹೊತ್ತಿಗೆ ಕೈಗೂಸಾಗುತ್ತದೆ. ಕಾಲ್ಡೇರಾದ ಘೋರಾಕ್ ಮ್ಯಾನರಿನಲ್ಲಿ ಕ್ರೀಪರ್ ಎಂಬ ಕುಳ್ಳ ದೆವ್ವ 5000 ಹೊನ್ನು ಇಟ್ಟುಕೊಂಡು ಕೂತಿದೆ, ಸಾಮಾನಿಗೆ ಪೂರ್ತಿ ಬೆಲೆ ಕೊಡುತ್ತದೆ. ಅದನ್ನು ಕಂಡುಹಿಡಿದ ದಿನವೇ ವ್ಯಾಪಾರದ ಲೆಕ್ಕ ಮುಗಿಯಿತು. ಔಷಧಿ ಮಾಡುವ ಆಲ್ಕೆಮಿ ಇದಕ್ಕಿಂತ ಕೆಟ್ಟದ್ದು. ಆಶ್ ಯಾಮ್ ಮತ್ತು ಬ್ಲೋಟ್ ಬೆರೆಸಿದರೆ ಇಂಟೆಲಿಜೆನ್ಸ್ ಏರಿಸುವ ಮದ್ದು. ಕುಡಿದು ಮತ್ತೆ ಮಾಡಿದರೆ ಇನ್ನೂ ಬಲವಾದ ಮದ್ದು. ಇದಕ್ಕೆ ಮಿತಿ ಇಟ್ಟಿಲ್ಲ, ನಾಲ್ಕಾರು ಸುತ್ತಿನಲ್ಲಿ ಆಟವೇ ಮುರಿಯುತ್ತದೆ. ಮಜಾ ಉಳಿಯಬೇಕೆಂದರೆ ನೀವೇ ಕೈ ಹಿಡಿದುಕೊಳ್ಳಬೇಕು.

ಮಾತುಕತೆಯೂ ಸಪ್ಪೆ. ಒಂದೇ ವಿಷಯ ಕೇಳಿದರೆ ಹತ್ತು ಜನ ಅಕ್ಷರ ತಪ್ಪದೆ ಅದೇ ಉತ್ತರ ಕೊಡುತ್ತಾರೆ. ಹೆಚ್ಚಿನದೆಲ್ಲ ಇಂಗ್ಲಿಷ್ ಬರಹ, ಕನ್ನಡ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರುತ್ತಾರೆ. ಆದರೆ ಇಲ್ಲಿ ಯಾರೂ ಗಡಗಡ ಮಾತಾಡಿ ಹೋಗುವುದಿಲ್ಲ, ಬರಹ ಪರದೆಯ ಮೇಲೆ ನಿಂತಿರುತ್ತದೆ, ನಿಧಾನ ಓದಬಹುದು.

ಕಂಪ್ಯೂಟರ್ ವಿಷಯದಲ್ಲಿ ಇದು ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. 2002ರಲ್ಲಿ ಕೇಳಿದ್ದು 500 ಮೆಗಾಹರ್ಟ್ಸ್ ಪ್ರೊಸೆಸರ್, ಎಕ್ಸ್‌ಪಿಗಾದರೆ 256 ಎಂಬಿ ರ‍್ಯಾಮ್, 1 ಜಿಬಿ ಡಿಸ್ಕ್. ಬೆಳಗಾವಿಯ ಹಾಸ್ಟೆಲುಗಳಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳ ಕೈಗೆ ಬರುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೂ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ, ಇದು ಭಾರ ಅಲ್ಲ. ಹಳೆಯ ಎಂಜಿನ್ (ಆಟ ಓಡಿಸುವ ಪ್ರೋಗ್ರಾಂ) ಮಾತ್ರ ಈಗಿನ ವಿಂಡೋಸಿನಲ್ಲಿ ಆಗಾಗ ಬೀಳುತ್ತದೆ. ಓಪನ್‌ಎಂಡಬ್ಲ್ಯೂ ಎಂಬ ಉಚಿತ ಎಂಜಿನ್ ಹಾಕಿಕೊಳ್ಳಿ, ಲಿನಕ್ಸಿನಲ್ಲೂ ಓಡುತ್ತದೆ. ಸ್ಟೀಮ್ ಅಥವಾ ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಿಂದ ಕೊಂಡ ಮೂಲ ಆಟ ಬೇಕೇ ಬೇಕು. ಅದನ್ನು ಇನ್‌ಸ್ಟಾಲ್ ಮಾಡಿ, ಆಮೇಲೆ ಓಪನ್‌ಎಂಡಬ್ಲ್ಯೂ ವಿಝಾರ್ಡಿನಲ್ಲಿ ಈಗಾಗಲೇ ಇರುವ ಆಟ ಎಂಬುದನ್ನು ಆರಿಸಿ, 'ಡೇಟಾ ಫೈಲ್ಸ್' ಫೋಲ್ಡರಿನ ಮಾರೋವಿಂಡ್ ಇಎಸ್ಎಂ ಫೈಲ್ ತೋರಿಸಿ, ಸೆಟ್ಟಿಂಗ್ ತರಿಸಿಕೊಳ್ಳುವುದಕ್ಕೆ ಟಿಕ್ ಹಾಕಿ. ಲಾಂಚರಿನಲ್ಲಿ ಮಾರೋವಿಂಡ್, ಅದರ ಎರಡು ಹೆಚ್ಚುವರಿ ಭಾಗಗಳಾದ ಟ್ರಿಬ್ಯುನಲ್, ಬ್ಲಡ್‌ಮೂನ್ ಇದೇ ಕ್ರಮದಲ್ಲಿ ಟಿಕ್ ಆಗಿವೆಯೇ ನೋಡಿ. ಹಳೆಯ ಎಂಜಿನ್ನಿಗಾಗಿ ಮಾಡಿದ ಕೋಡ್ ಪ್ಯಾಚ್, ಎಂಜಿಇ, ಎಂಡಬ್ಲ್ಯೂಎಸ್ಇ ಮಾಡ್‌ಗಳನ್ನು (ಆಟವನ್ನು ಬದಲಿಸಲು ಆಟಗಾರರೇ ಮಾಡಿದ ಜೋಡಣೆಗಳು) ಇದರ ಮೇಲೆ ಹೇರಬೇಡಿ, ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ನೆರಳು, ನೀರಿನ ಶೇಡರ್ (ನೀರನ್ನು ಚೆಂದ ತೋರಿಸುವ ಆಯ್ಕೆ) ಬಂದ್ ಮಾಡಿ, ಫ್ರೇಮ್ ಮಿತಿ 60ಕ್ಕೆ ಇಡಿ, ಫ್ಯಾನ್ ಅರಚುವುದು ಕಡಿಮೆಯಾಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬರೀ ಎಫ್5 ನಂಬಬೇಡಿ. ಅದು ಹಳೆಯ ಸೇವ್ ಮೇಲೆಯೇ ಬರೆಯುತ್ತದೆ, ಅದೇ ಗಳಿಗೆಗೆ ಕರೆಂಟ್ ಹೋದರೆ ಎರಡೂ ಹೋಗಬಹುದು. ಊರು ಬಿಡುವಾಗೊಮ್ಮೆ ಹೊಸ ಹೆಸರಿನಲ್ಲಿ ಬೇರೆ ಸೇವ್ ಮಾಡಿ.

ಈಗ ಸಿಗುವ ಆವೃತ್ತಿಯಲ್ಲಿ 2002ರ ಟ್ರಿಬ್ಯುನಲ್, 2003ರ ಬ್ಲಡ್‌ಮೂನ್ ಸೇರಿಯೇ ಬರುತ್ತವೆ. ಬ್ಲಡ್‌ಮೂನ್ ಹಿಮದ ದ್ವೀಪ ಮುಖ್ಯ ಕಥೆ ಮುಗಿದ ಮೇಲೆ ಚೆಂದ. ಟ್ರಿಬ್ಯುನಲ್ ಒಂದು ಕಿತಾಪತಿ ಮಾಡುತ್ತದೆ: ಲೆವೆಲ್ 1ರಲ್ಲಿ ಮಲಗಿದರೂ ಕೊಲೆಗಾರರು ಬಂದು ಎಬ್ಬಿಸುತ್ತಾರೆ. ಸತ್ತರೆ ಬೇಸರ, ಗೆದ್ದರೆ ಇನ್ನೂ ಕೆಡುಕು, ಅವರ ಮೈಮೇಲಿನ ಕವಚ ಮಾರಿದರೆ ಶುರುವಿನಲ್ಲೇ ಸಾಹುಕಾರರಾಗುತ್ತೀರಿ, ಬಡತನದಲ್ಲಿ ಆಡುವ ಆ ಒಳ್ಳೆಯ ಹೊತ್ತು ಹೋಗಿಬಿಡುತ್ತದೆ. ಈ ದಾಳಿಯನ್ನು ಮುಂದಕ್ಕೆ ಹಾಕುವ ಚಿಕ್ಕ ಮಾಡ್‌ಗಳಿವೆ. ಮೊದಲ ಸಲ ಆಡುವವರು ಬೇರೆ ಯಾವ ಮಾಡ್ ಹಾಕದಿದ್ದರೂ ಇದೊಂದನ್ನು ಹಾಕಿಕೊಂಡೇ ಹೊಸ ಆಟ ಶುರು ಮಾಡಲಿ.