ಕುಲುಮೆಯ ಕಾಂಕ್ರೀಟ್ ಒಣಗಿಸಲು ಗ್ಯಾಸ್, ಇದ್ದಿಲು, ಕರೆಂಟ್: ಮೂರನ್ನೂ ಮಾಡಿ ನೋಡಿದೆ

ಲೋಹ ಕರಗಿಸಲು ಈವರೆಗೆ ಮೂರು ಸಣ್ಣ ಕುಲುಮೆ ಮಾಡಿದ್ದೇನೆ. ಮೂರಕ್ಕೂ ಒಂದೇ ಬಗೆಯ ರಿಫ್ರಾಕ್ಟರಿ ಕಾಂಕ್ರೀಟ್ (ಹೆಚ್ಚು ಬಿಸಿ ತಡೆಯುವ ಕಾಂಕ್ರೀಟ್), ಒಳಗೋಡೆ 50 ಮಿಲಿಮೀಟರ್ ದಪ್ಪ. ಅಚ್ಚಿಗೆ ಸುರಿದು, ಪ್ಲಾಸ್ಟಿಕ್ ಹೊದಿಸಿ, 24 ಗಂಟೆ ಅಲುಗಾಡಿಸದೆ ಬಿಟ್ಟಿದ್ದೆ. ಒಣಗಿಸಿದ ರೀತಿ ಬೇರೆ ಬೇರೆ. ಒಂದು ಸಿಡಿಯಿತು, ಒಂದು ಬಿರುಕು ಬಿಟ್ಟಿತು, ಒಂದು ಇವತ್ತಿಗೂ ಗಟ್ಟಿಯಾಗಿದೆ.

ಸಿಡಿದದ್ದು ಗ್ಯಾಸ್ ಬರ್ನರಿನದು. ಎರಡು ದಿನ ಗಾಳಿಗಿಟ್ಟಿದ್ದೆ, ಮುಟ್ಟಿದರೆ ಪೂರ್ತಿ ಒಣಗಿದ ಹಾಗೇ ಇತ್ತು. ಸಣ್ಣ ಉರಿ ಸಾಕು ಅಂದುಕೊಂಡು ಹಚ್ಚಿದೆ. ಸುಮಾರು 20 ನಿಮಿಷಕ್ಕೆ ಪಟಾಕಿ ಹೊಡೆದಂತೆ ಸದ್ದಾಯಿತು, ಅಂಗೈ ಅಗಲದ ಚಕ್ಕೆಯೊಂದು ಕುಲುಮೆಯ ಬಾಯಿಂದ ಹಾರಿ ಎದುರಿನ ಗೋಡೆಗೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದೆ. ಬಗ್ಗಿ ಒಳಗೆ ನೋಡುತ್ತಿದ್ದರೆ ಕಣ್ಣು ಹೋಗುತ್ತಿತ್ತು. ಉರಿ ಎಷ್ಟೇ ಸಣ್ಣದಿದ್ದರೂ ಅದು ತಾಗುವ ಜಾಗ ಬೇಗ ಕಾಯುತ್ತದೆ, ಒಂದು ಬೆರಳು ಒಳಗೆ ಗೋಡೆ ಇನ್ನೂ ಹಸಿ.

ಕಾಂಕ್ರೀಟಿನಲ್ಲಿರುವ ನೀರು ಎರಡು ಥರ. ಸಂದುಗಳಲ್ಲಿ ಸುಮ್ನೆ ನಿಂತ ನೀರು 100ರಿಂದ 150 ಡಿಗ್ರಿಯೊಳಗೆ ಹೊರಟುಹೋಗುತ್ತದೆ. ಸಿಮೆಂಟಿನ ಜೊತೆ ಕಟ್ಟಿಕೊಂಡ ನೀರು ಹೆಚ್ಚಾಗಿ 200ರಿಂದ 400 ಡಿಗ್ರಿಯ ನಡುವೆ ಬಿಡುತ್ತದೆ, ಬಿಸಿಲಿಗೆ ಎಷ್ಟು ದಿನ ಇಟ್ಟರೂ ಅದು ಹೋಗುವುದಿಲ್ಲ. ದಾರಿ ಸಿಗದ ನೀರು 200 ಡಿಗ್ರಿಗೆ ಮುಟ್ಟಿದರೆ ಆವಿಯ ಒತ್ತಡ ಹೊರಗಿನ ಗಾಳಿಯ ಸುಮಾರು 15 ಪಟ್ಟು. ಸುಡದ ಕಾಂಕ್ರೀಟ್ ಅದನ್ನು ತಡೆಯುವುದು ಕಷ್ಟ ಅಲ್ವಾ.

ಇದ್ದಿಲು ಗ್ಯಾಸಿಗಿಂತ ಎಷ್ಟೋ ವಾಸಿ. ಒಂದೊಂದೇ ಹಿಡಿ ಹಾಕುತ್ತಾ ಇಡೀ ದಿನ ಕೂತಿದ್ದೆ, ಮುಚ್ಚಳದ ಸಂದಿನಿಂದ ಹಬೆ ಬರುವುದು ಕಣ್ಣಿಗೇ ಕಾಣುತ್ತಿತ್ತು. ಆದರೆ ತಳ ಕಾಯುತ್ತದೆ, ಮೇಲಿನ ಅಂಚು ತಣ್ಣಗಿರುತ್ತದೆ, ಕೆಂಡ ಆರಿದಾಗ ಬಿಸಿ ಇಳಿಯುತ್ತದೆ, ಮತ್ತೆ ಹಾಕಿದರೆ ಒಮ್ಮೆಲೇ ಏರುತ್ತದೆ. ತಳದಿಂದ ಅರ್ಧದವರೆಗೆ ಒಂದು ಬಿರುಕು ಬಂತು. ಕೆಲಸಕ್ಕೆ ತೊಂದರೆ ಆಗಿಲ್ಲ.

ಮೂರನೆಯದಕ್ಕೆ ಕರೆಂಟ್. ಮೊದಲ ರಾತ್ರಿ ಒಳಗೆ 100 ವಾಟ್‌ನ ಹಳೇ ಕಾಲದ ತಂತಿ ಬಲ್ಬು, ಮುಚ್ಚಳ ಒಂದು ಬೆರಳು ತೆರೆದು. ಆಮೇಲೆ ಹೀಟರ್ ಕಾಯಿಲ್, ಬಿಸಿ ಅಳೆಯಲು ಥರ್ಮೋಕಪಲ್. 110 ಡಿಗ್ರಿಯಲ್ಲಿ ಆರು ಗಂಟೆ ನಿಲ್ಲಿಸಿದೆ. ನಂತರ ಗಂಟೆಗೆ 25 ಡಿಗ್ರಿಗಿಂತ ಜಾಸ್ತಿ ಏರಿಸಲಿಲ್ಲ, 250ರಲ್ಲಿ ಮತ್ತು 350ರಲ್ಲಿ ಮೂರು ಮೂರು ಗಂಟೆ ನಿಲ್ಲಿಸಿ 550ರವರೆಗೆ ಹೋದೆ. ಪ್ರತಿ ಸಲ ಏರಿಸುವ ಮುಂಚೆ ಇಕ್ಕಳದಲ್ಲಿ ತಣ್ಣನೆಯ ಕನ್ನಡಿ ಚೂರು ಹಿಡಿದು ಸಂದಿನ ಹತ್ತಿರ ಒಡ್ಡುತ್ತಿದ್ದೆ. ಮಂಜು ಕವಿದರೆ ನೀರು ಇನ್ನೂ ಬರುತ್ತಿದೆ ಅಂತ ಅರ್ಥ, ಆಗ ಅಲ್ಲೇ ಕಾಯುವುದು. ಒಂದು ಕೂದಲೆಳೆ ಬಿರುಕೂ ಬರಲಿಲ್ಲ.

ಪೂರ್ತಿ ಶ್ರೇಯಸ್ಸು ಕರೆಂಟಿಗೆ ಕೊಟ್ಟರೆ ಸುಳ್ಳಾಗುತ್ತದೆ. ಈ ಸಲ ಕಲಸುವಾಗ 10 ಕಿಲೋಗೆ 10 ಗ್ರಾಂನಂತೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ನಾರು ಸೇರಿಸಿದ್ದೆ. ಅದು ಸುಮಾರು 165 ಡಿಗ್ರಿಗೆ ಕರಗಿ, ಆವಿ ಹೋಗಲು ಸಣ್ಣ ಸಣ್ಣ ದಾರಿ ಬಿಡುತ್ತದೆ. ಅನುಮಾನ ತೀರಲೆಂದು ನಾರು ಹಾಕಿದ್ದೊಂದು, ಹಾಕದ್ದೊಂದು ಬಿಲ್ಲೆ ಎರಕ ಹೊಯ್ದು, ಎರಡನ್ನೂ ತಗಡಿನ ಮರೆಯಲ್ಲಿಟ್ಟು ಬರ್ನರಿಗೆ ನೇರ ಒಡ್ಡಿದೆ. ನಾರಿಲ್ಲದ್ದು ಎರಡು ಹೋಳಾಯಿತು. ನಾರಿದ್ದದ್ದು ಮೇಲೆ ಸ್ವಲ್ಪ ಬಿರಿದು ಉಳಿಯಿತು. ಅಂದರೆ ನಾರು ಇದ್ದರೂ ಅವಸರ ಮಾಡುವ ಹಾಗಿಲ್ಲ.

ಹಾಗಾಗಿ ನನ್ನ ಆಯ್ಕೆ ನಾರು, ಬಲ್ಬು, ಕಾಯಿಲ್. ಕರೆಂಟ್ ಸೌಕರ್ಯ ಇಲ್ಲದವರಿಗೆ ಇದ್ದಿಲು. ಗ್ಯಾಸ್ ಒಂದೇ ಇದೆ ಅನ್ನುವವರು ಬರ್ನರನ್ನು ಬಾಯಿಂದ ದೂರ ಇಟ್ಟು, ಉರಿ ಗೋಡೆಗೆ ತಾಗದೆ ಬರೀ ಬಿಸಿಗಾಳಿ ಒಳಗೆ ಹೋಗುವಂತೆ ನೋಡಿಕೊಳ್ಳಿ, ಕಣ್ಣು ಕಾಪಾಡುವ ಕನ್ನಡಕ ಹಾಕಿಕೊಳ್ಳಿ, ಬಾಯಿಗೆ ಎದುರಾಗಿ ಯಾರನ್ನೂ ನಿಲ್ಲಿಸಬೇಡಿ.