ಹಾಸಿಗೆಯ ಅಲರ್ಜಿ ಕವರ್: ಬಟ್ಟೆ ಚೆನ್ನಾಗಿದೆ, ಜಿಪ್ ಮಾತ್ರ ಕೇಳಬೇಡಿ

ಮೊದಲು ಜಿಪ್ಪಿನ ಕತೆ ಹೇಳಿಬಿಡುತ್ತೇನೆ. ಹಾಸಿಗೆಯನ್ನು ಅಡಿಯೂ ಸೇರಿ ಪೂರ್ತಿ ಮುಚ್ಚುವ ಕವರ್ ಇದು. ಸುತ್ತಿ ಬರುವ ಜಿಪ್ ಕೊನೇ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡೇ ನಿಲ್ಲುತ್ತದೆ. ಹಾಸಿಗೆಯ ಧೂಳಿನಲ್ಲಿ ಬದುಕುವ ಡಸ್ಟ್ ಮೈಟ್ ಎಂಬ ಹುಳ ಅರ್ಧ ಮಿಲಿಮೀಟರೂ ಇಲ್ಲ, ನಮ್ಮ ಮೂಗು ಕೆಡಿಸುವ ಅದರ ಹಿಕ್ಕೆ ಇನ್ನೂ ಸಣ್ಣದು. ಬಟ್ಟೆಯನ್ನು ಅಷ್ಟು ಒತ್ತಾಗಿ ನೇಯ್ದು ಮೂಲೆಯಲ್ಲಿ ಹೆಬ್ಬಾಗಿಲು ತೆಗೆದಿಟ್ಟರೆ ಏನು ಬಂತು? ಕಂಪನಿಗೆ ಫೋಟೊ ಕಳಿಸಿದರೆ "ಡಿಸೈನೇ ಹಾಗೆ ಮೇಡಂ" ಎಂದರು. ಈಗ ಅಲ್ಲಿಗೆ ಅಗಲದ ಟೇಪು ಅಂಟಿಸಿದ್ದೇನೆ. ಕವರ್ ಒಗೆದಾಗಲೆಲ್ಲ ಹೊಸ ಟೇಪು.

ಹಾಕುವುದೂ ಸಾಹಸವೇ. ನಮ್ಮದು ನಾರಿನ ಹಾಸಿಗೆ, ಮಡಚಲು ಬರುವುದಿಲ್ಲ. ನಮ್ಮ ಯಜಮಾನರು ಅದನ್ನು ಗೋಡೆಗೆ ಆನಿಸಿ ಎತ್ತಿ ಹಿಡಿಯಬೇಕು, ನಾನು ಕೆಳಗಿನಿಂದ ಕವರ್ ಏರಿಸಬೇಕು, ನಡುವೆ ಒಂದು ಸಣ್ಣ ಜಗಳ ಆಗಲೇಬೇಕು. ಮೊದಮೊದಲು ಮಗ್ಗುಲು ಬದಲಿಸಿದರೆ ಚರಪರ ಸದ್ದು ಬೇರೆ. ಒಗೆದ ಮೇಲೆ ಅದು ಕಡಿಮೆಯಾಯಿತು.

ಇಷ್ಟು ಬೈದೂ ವಾಪಸ್ ಕಳಿಸಲಿಲ್ಲ. ಏಳುತ್ತಲೇ ಸೀನಿ ಸೀನಿ ಕಣ್ಣು ಕೆಂಪಾಗಿ, ಕಾಫಿಯ ಘಮವೇ ತಿಳಿಯದ ಬೆಳಗು ಈಗ ಅಪರೂಪ. ನಾವಿರುವುದು ತೀರ್ಥಹಳ್ಳಿ ಕಡೆ. ಈ ಹುಳ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಆಷಾಢದಲ್ಲಿ ಇಲ್ಲಿ ಅದಕ್ಕೇನು ಕೊರತೆ? ಬೇಸಿಗೆಯಲ್ಲಾದರೆ ಹಾಸಿಗೆಯನ್ನು ಅಂಗಳಕ್ಕೆ ಹಾಕಿ ಬಡಿಯಬಹುದು, ಜೂನ್ ಕಳೆದ ಮೇಲೆ ಬಿಸಿಲೆಲ್ಲಿ?

ಹಾಗಂತ ಕೀರ್ತಿಯೆಲ್ಲ ಕವರಿಗೇ ಕೊಡಲಾರೆ. ಡಾಕ್ಟರು ಬರೆದ ಮೂಗಿನ ಸ್ಪ್ರೇ ಮಳೆಗಾಲದಲ್ಲಿ ಈಗಲೂ ಇದೆ. ಜೊತೆಗೆ ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ನೀರನ್ನು ಚೆನ್ನಾಗಿ ಕುದಿಸಿ, ಬಕೆಟ್ಟಿಗೆ ಹೊಯ್ದು, ದಿಂಬಿನ ಚೀಲ, ಬೆಡ್‌ಶೀಟ್ ಮುಳುಗಿಸುತ್ತೇನೆ. ಕೈ ಹಾಕುವ ಹಾಗಿಲ್ಲ, ಕೋಲಿನಿಂದಲೇ ಅದುಮಬೇಕು. 60 ಡಿಗ್ರಿ ನೀರಿಗೆ ಹುಳ ಉಳಿಯುವುದಿಲ್ಲ. ಮೆಷಿನ್ನಿನ ತಣ್ಣೀರ ಒಗೆತಕ್ಕೆ ಬಹಳಷ್ಟು ಬದುಕಿಕೊಳ್ಳುತ್ತವೆ. ಅಡಿಕೆ ಸಿಪ್ಪೆಯ ಉರಿ, ಖರ್ಚಿಲ್ಲ. (ಆ ಹೊಗೆಗೆ ಸೀನು ಬರುತ್ತದೆ, ಅದು ಬೇರೆ ಮಾತು.)

ಇನ್ನೊಂದು: ಇಂಥ ಕವರ್ ಹುಳವನ್ನು ಕೊಲ್ಲುವುದಿಲ್ಲ, ಒಳಗೇ ಕೂಡಿಹಾಕುತ್ತದೆ ಅಷ್ಟೆ. ಮೇಲಿನ ಬೆಡ್‌ಶೀಟಿನಲ್ಲಿ ಹೊಸದಾಗಿ ಸೇರಿಕೊಳ್ಳುವುದನ್ನು ಒಗೆದೇ ತೆಗೆಯಬೇಕು.

ದುಡ್ಡಿನ ಬಿಗಿ ಇದ್ದವರು ದಿಂಬಿನ ಕವರ್ ಮಾತ್ರ ತಗೊಳ್ಳಿ. ರಾತ್ರಿಯಿಡೀ ಮೂಗು ಇರುವುದು ಅಲ್ಲೇ, ಬೆಲೆಯೂ ಹಗುರ. ಅದಕ್ಕೆ ನಾಲ್ಕೂವರೆ ಸ್ಟಾರ್, ಹಾಸಿಗೆಯದಕ್ಕೆ ಮೂರು.