ಮ್ಯಾಫ್ ತೆಗೆಸಿ ಮ್ಯಾಪ್ ಸೆನ್ಸರ್ ಹಾಕಿಸಿದ್ದು: ದಾವಣಗೆರೆಯ ಒಂದು ಗ್ಯಾರೇಜಿನ ಕೆಲಸ

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಗಾಳಿಯ ಪ್ರಮಾಣ ಅಳೆಯುವ ಮ್ಯಾಫ್ ಸೆನ್ಸರ್ ಕೆಟ್ಟರೆ ಅಸಲಿ ಬಿಡಿಭಾಗ ಸಿಗುವುದು ಈಗ ಕಷ್ಟ. ಅಗ್ಗದ ನಕಲಿ ಸೆನ್ಸರ್‌ಗಳು ಜಾಗಕ್ಕೆ ಸರಿಯಾಗಿ ಕೂತರೂ ಅವು ಕೊಡುವ ವೋಲ್ಟೇಜ್ ಅಸಲಿಯದಕ್ಕೆ ಹೊಂದುವುದಿಲ್ಲವಾದ್ದರಿಂದ ಕಾರು ಒಮ್ಮೆ ಎಳೆಯುತ್ತದೆ, ಒಮ್ಮೆ ಮುಗ್ಗರಿಸುತ್ತದೆ. ನನ್ನ ಕಾರಿನದೂ ಇದೇ ಸ್ಥಿತಿಯಾದಾಗ ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ಅದನ್ನು ತೆಗೆಸಿ, ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹಾಕಿಸಿದೆ.

ಬಿಚ್ಚಿದ ಹಳೆಯ ಸೆನ್ಸರನ್ನು ಗ್ಯಾರೇಜಿನ ಯಜಮಾನರು ಬೆಳಕಿಗೆ ಹಿಡಿದು ತೋರಿಸಿದರು. ಕೂದಲೆಳೆಯಂಥ ಬಿಸಿ ತಂತಿಯ ಮೇಲೆ ಎಣ್ಣೆ ಬೆರೆತ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಹಾದುಹೋಗುವ ಗಾಳಿ ಆ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆಯೇ ಗಾಳಿಯ ತೂಕ ಗೊತ್ತಾಗಬೇಕು; ಮೇಲೆ ಧೂಳಿನ ಹೊದಿಕೆ ಇದ್ದರೆ ಲೆಕ್ಕ ತಪ್ಪುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಈ ಊರಿನಲ್ಲಿ ಏರ್ ಫಿಲ್ಟರ್ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ.

ಒತ್ತಡದಿಂದ ಗಾಳಿಯನ್ನು ಲೆಕ್ಕ ಹಾಕುವುದು ಹೊಸ ತಂತ್ರವೇನಲ್ಲ. 1967ರಲ್ಲಿ ಬಂದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಇದೇ ತತ್ವದ ಮೇಲೆ ನಡೆಯುತ್ತಿತ್ತು. ಆದರೆ ಮ್ಯಾಪ್ ಸೆನ್ಸರ್ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್‌ನ ಒತ್ತಡ, ಒಳಬರುವ ಗಾಳಿಯ ಉಷ್ಣತೆ, ಇಂಜಿನ್ನಿನ ವೇಗ, ಆಯಾ ವೇಗದಲ್ಲಿ ಸಿಲಿಂಡರ್ ನಿಜವಾಗಿ ಎಷ್ಟು ತುಂಬುತ್ತದೆ ಎಂಬ ಕೋಷ್ಟಕ, ಇವಿಷ್ಟನ್ನೂ ಸೇರಿಸಿ ಗಾಳಿಯ ತೂಕ ಕಂಡುಕೊಳ್ಳಬೇಕು. ನನ್ನ ಕಾರಿನಲ್ಲಿ ಮೂಲ ಇಸಿಯು, ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುವ ಇಂಜಿನ್ನಿನ ಕಂಪ್ಯೂಟರ್, ಹಾಗೆಯೇ ಉಳಿದಿದೆ. ನಡುವೆ ಕೂರಿಸಿದ ಸಣ್ಣ ಪೆಟ್ಟಿಗೆಯೊಂದು ಈ ಲೆಕ್ಕ ಮಾಡಿ, ಹಳೆಯ ಸೆನ್ಸರ್ ಕೊಡುತ್ತಿದ್ದ ವೋಲ್ಟೇಜನ್ನೇ ಇಸಿಯುಗೆ ಕೊಡುತ್ತದೆ.

ಜೋಡಣೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಸಣ್ಣ ಸಣ್ಣ ವಿಷಯಗಳಲ್ಲಿ ತೋರಿಸಿದ ಎಚ್ಚರ. ಸೆನ್ಸರಿಗೆ ಒತ್ತಡ ಒಯ್ಯುವ ವ್ಯಾಕ್ಯೂಮ್ ಪೈಪನ್ನು ಗಾಳಿಯ ಬಾಗಿಲಾದ ಥ್ರಾಟಲ್‌ನಿಂದ ಆಚೆಗೆ, ಎಲ್ಲ ಸಿಲಿಂಡರ್‌ಗಳಿಗೂ ಸಮನಾದ ಜಾಗದಿಂದ ತೆಗೆದು, ಆದಷ್ಟು ಗಿಡ್ಡವಾಗಿ ಇಟ್ಟು, ಎಣ್ಣೆಯ ಹನಿ ಇಳಿದು ಬರದಂತೆ ಸೆನ್ಸರನ್ನು ಅದಕ್ಕಿಂತ ಮೇಲೆ ಬಿಗಿದಿದ್ದಾರೆ. ಉಷ್ಣತೆಯ ಸೆನ್ಸರನ್ನು ಬಿಸಿಯೇರುವ ಮ್ಯಾನಿಫೋಲ್ಡ್ ಲೋಹಕ್ಕೆ ಹಾಕದೆ ಫಿಲ್ಟರ್ ಹತ್ತಿರದ ರಬ್ಬರ್ ಪೈಪಿಗೆ ಹಾಕಿದ್ದು ಇನ್ನೂ ಒಳ್ಳೆಯ ಕೆಲಸ. ಗಾಳಿ 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಅದೇ ಒತ್ತಡದಲ್ಲಿ ಅಷ್ಟೇ ಜಾಗ ತುಂಬುವ ಗಾಳಿಯ ತೂಕ ಶೇ. 6ಕ್ಕಿಂತ ಹೆಚ್ಚು ಇಳಿಯುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಸೆನ್ಸರ್ ಗಾಳಿಯ ಬದಲು ಲೋಹದ ಕಾವನ್ನು ಓದಿದರೆ ಪೆಟ್ರೋಲಿನ ಲೆಕ್ಕವೆಲ್ಲ ಕೆಡುತ್ತದೆ. ಕೀ ತಿರುಗಿಸಿ ಇಂಜಿನ್ ಚಾಲೂ ಮಾಡುವ ಮೊದಲು ಲ್ಯಾಪ್‌ಟಾಪಿನಲ್ಲಿ 94 ಕಿಲೋಪಾಸ್ಕಲ್ ತೋರಿಸಿತು. ಸಮುದ್ರಮಟ್ಟದಲ್ಲಿ 101ರಷ್ಟಿರುವ ಒತ್ತಡ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಅಷ್ಟೇ ಇರಬೇಕು. ಸೆನ್ಸರ್ ಸರಿಯಿದೆ ಎಂದು ಯಜಮಾನರು ಮೊದಲು ಖಚಿತಪಡಿಸಿಕೊಂಡದ್ದು ಹೀಗೆ.

ಬೇರೆ ಕಡೆ ಇಲ್ಲಿಗೇ ಬಿಲ್ ಕೊಡುತ್ತಿದ್ದರು. ಇವರು, "ಗಾಡಿ ಇನ್ನೂ ಆಗಿಲ್ಲ ಸರ್, ಹೈವೇಲಿ ನೋಡ್ಕೊಂಡು ಬರೋಣ" ಎಂದು ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕದಿಂದ ಗಾಳಿ-ಪೆಟ್ರೋಲ್ ಪ್ರಮಾಣ ತಿಳಿಸುವಂಥದ್ದು) ಕೂರಿಸಿ ಚಿತ್ರದುರ್ಗದ ಕಡೆಗೆ ಹೊರಟರು. ನಾನು ಓಡಿಸುತ್ತಿದ್ದರೆ ಅವರು ಪಕ್ಕದಲ್ಲಿ ಕೂತು, ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬ ಪ್ರಮಾಣಕ್ಕೆ ಸಮವೇಗದ ಓಟವನ್ನು ಹೊಂದಿಸುತ್ತಾ, ಏರು ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ತುಸು ಹೆಚ್ಚಿಸುತ್ತಾ ಕೋಷ್ಟಕದ ಒಂದೊಂದು ಮನೆಯನ್ನೂ ತಿದ್ದಿದರು. ಬಿಲ್ಲಿನಲ್ಲಿ ಬಿಡಿಭಾಗಗಳಿಗಿಂತ ಈ ಕೆಲಸಕ್ಕೇ ಹೆಚ್ಚು ಹಣ ಹಾಕಿದ್ದಾರೆ. ಅದು ನ್ಯಾಯವಾದ ಕೂಲಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಈ ಪರಿವರ್ತನೆಯ ಸತ್ವವೆಲ್ಲ ಇರುವುದು ಆ ಕೋಷ್ಟಕದಲ್ಲಿ.

ಈಗ ಎಳೆತ ಸರಾಗವಾಗಿದೆ, ಮುಗ್ಗರಿಸುವುದು ನಿಂತಿದೆ. ಕೊರತೆಗಳೂ ಇವೆ. ಬೆಳಗಿನ ಚಳಿಯಲ್ಲಿ ಐಡ್ಲಿಂಗ್ ಸ್ವಲ್ಪ ಹೊತ್ತು ಏರಿಳಿಯುತ್ತದೆ. ಎಸಿ ಹಾಕಿದೊಡನೆ ಆರ್‌ಪಿಎಂ ಒಂದು ಕ್ಷಣ ಕುಸಿಯುತ್ತದೆ. ಮುಂದೆ ಕ್ಯಾಮ್‌ಶಾಫ್ಟ್ ಅಥವಾ ಸೈಲೆನ್ಸರ್ ಬದಲಿಸಿದರೆ, ಕಂಪ್ರೆಷನ್ ಇಳಿದರೆ ಕೋಷ್ಟಕವನ್ನು ಮತ್ತೆ ತಿದ್ದಿಸಬೇಕಾದೀತು, ಏಕೆಂದರೆ ಇಂಜಿನ್ನಿನ ಉಸಿರಾಟ ಬದಲಾದದ್ದು ಒತ್ತಡದ ಸೆನ್ಸರಿಗೆ ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಅಸಲಿ ಮ್ಯಾಫ್ ಸೆನ್ಸರ್ ಸಿಗುವವರು ಅದನ್ನೇ ಹಾಕಿಸುವುದು ಉತ್ತಮ. ಬಿಎಸ್6 ಮಾಲಿನ್ಯ ಮಾನದಂಡದ ಕಾರಿನವರಂತೂ ಇದರ ಗೊಡವೆಗೇ ಹೋಗಬಾರದು.

ಗ್ಯಾರೇಜಿನ ಮೇಲೆ ನನ್ನದೊಂದು ತಕರಾರಿದೆ. ಯಾವ ಬಣ್ಣದ ವೈರನ್ನು ಎಲ್ಲಿ ಕತ್ತರಿಸಿ ಎಲ್ಲಿ ಸೇರಿಸಿದರು ಎಂಬ ನಕ್ಷೆಯನ್ನು ಅವರು ತಾವಾಗಿ ಕೊಡಲಿಲ್ಲ. ದಾರಿಯಲ್ಲೆಲ್ಲೋ ಕಾರು ನಿಂತರೆ ಬೇರೆ ಮೆಕ್ಯಾನಿಕ್‌ಗೆ ಅದಿಲ್ಲದೆ ದಿಕ್ಕು ತೋಚದು. ಕೇಳಿದ ಮೇಲೆ ಕೈಬರಹದಲ್ಲಿ ಬರೆದುಕೊಟ್ಟು, ಕೋಷ್ಟಕದ ಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಅಲ್ಲಿಗೆ ಹೋಗುವವರು ಇವೆರಡನ್ನೂ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ.